ಎಐ ಕನ್ಸಲ್ಟೆಂಟ್ ಬೇಕಾ? ಮೊದಲು ನಿಮ್ಮದೇ ಒಂದು ಪರೀಕ್ಷೆ ತಯಾರು ಮಾಡಿ

ಬಿಸಿನೆಸ್ ನಡೆಸುವ ಗೆಳೆಯರು ಈಚೆಗೆ ಜಾಸ್ತಿ ಕೇಳುವ ಪ್ರಶ್ನೆ ಇದು: ಒಳ್ಳೆ ಎಐ ಕನ್ಸಲ್ಟೆಂಟ್ ಯಾರಿದ್ದಾರೆ? ನಾನು ಹೆಸರು ಹೇಳುವುದಿಲ್ಲ. ಒಬ್ಬರ ಕಂಪನಿಗೆ ಹೊಂದಿದವರು ಇನ್ನೊಬ್ಬರಿಗೂ ಹೊಂದಬೇಕು ಅಂತೇನಿಲ್ಲ. ಆದರೆ ಎದುರಿಗೆ ಕೂತವರು ಕೆಲಸ ಬಲ್ಲವರೋ, ಬರೀ ಮಾತು ಬಲ್ಲವರೋ ಅಂತ ತಿಳಿಯಲು ಒಂದು ದಾರಿ ಇದೆ. ಅದನ್ನು ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ದುಡ್ಡು ಕೊಡುವ ಮುಂಚೆ ಓದಿ.

ಎಲ್ಲರೂ ಮೊದಲು ತೋರಿಸುವುದು ಡೆಮೊ. ಡೆಮೊ ಚೆನ್ನಾಗಿಯೇ ಇರುತ್ತದೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಒಳ್ಳೆ ಡೆಮೊ ಮಾಡುವುದು ಕಷ್ಟದ ಕೆಲಸವಾಗಿ ಉಳಿದಿಲ್ಲ. ಒಂದು ಪಿಡಿಎಫ್ ಹಾಕುತ್ತಾರೆ, ಪ್ರಶ್ನೆ ಕೇಳುತ್ತಾರೆ, ಥಟ್ಟನೆ ಉತ್ತರ ಬರುತ್ತದೆ. ಆದರೆ ಆ ಪಿಡಿಎಫ್ ಅವರದು, ಪ್ರಶ್ನೆಯೂ ಅವರದು. ನಿಮ್ಮ ಆಫೀಸಿಗೆ ದಿನಾ ಬರುವ ಗೋಜಲು ಅದರಲ್ಲಿ ಎಲ್ಲೂ ಇರುವುದಿಲ್ಲ.

ಗೋಜಲು ಅಂದೆನಲ್ಲ, ಒಂದು ಉದಾಹರಣೆ ನೋಡಿ. ಕಸ್ಟಮರ್ ಮೇಲ್‌ಗಳನ್ನು ಓದಿ, ಯಾವ ವಿಭಾಗಕ್ಕೆ ಹೋಗಬೇಕು ಅಂತ ಎಐ ವಿಂಗಡಿಸಬೇಕು ಅಂದುಕೊಳ್ಳಿ. ಹೀಗೊಂದು ಮೇಲ್ ಬರುತ್ತದೆ: "ಹೋದ ತಿಂಗಳು ತಗೊಂಡಿದ್ದು ಮತ್ತೆ ಕೆಟ್ಟಿದೆ, ಹಿಂದಿನ ಸಲ ಮಾಡಿದ ಹಾಗೆ ಮಾಡಬೇಡಿ, ಅಂದ ಹಾಗೆ ಬಿಲ್‌ನಲ್ಲಿ ಅಡ್ರೆಸ್ ತಪ್ಪಿದೆ." ಆರ್ಡರ್ ನಂಬರ್ ಇಲ್ಲ. ಏನು ಕೆಟ್ಟಿದೆ ಅಂತಲೂ ಇಲ್ಲ. ನಿಮ್ಮಲ್ಲಿ ವರ್ಷಗಟ್ಟಲೆ ಮೇಲ್ ನೋಡಿದವರಿಗೆ ಇದು ಓದಿದ ಕೂಡಲೇ ಅರ್ಥವಾಗುತ್ತದೆ. ಇವರು ಆಗಲೇ ಒಂದು ಸಲ ದೂರು ಕೊಟ್ಟಿದ್ದಾರೆ, ಆಗ ನಾವು ಸರಿಯಾಗಿ ನೋಡಿಕೊಂಡಿಲ್ಲ, ಈಗ ಬಿಟ್ಟರೆ ಕೈತಪ್ಪುತ್ತಾರೆ. ಅವರು ಹಳೆ ದೂರು ತೆಗೆದು ನೋಡಿ ಫೋನ್ ಮಾಡುತ್ತಾರೆ. ಎಐ ಇದನ್ನು ಸುಲಭವಾಗಿ "ವಿಳಾಸ ತಿದ್ದುಪಡಿ" ಅಂತ ಗುರುತು ಹಾಕಿ ಬಿಲ್ಲಿಂಗ್‌ಗೆ ಕಳಿಸಿಬಿಡಬಹುದು. ಅಲ್ಲಿ ಅಡ್ರೆಸ್ ಸರಿಯಾಗುತ್ತದೆ, ಕಸ್ಟಮರ್ ಹೋಗುತ್ತಾರೆ.

ಅದಕ್ಕೆ ನಾನು ಹೇಳುವುದು, ಕನ್ಸಲ್ಟೆಂಟ್ ಹುಡುಕುವ ಮುಂಚೆ ನಿಮ್ಮ ಹಳೆಯ ಕೆಲಸದಿಂದಲೇ ಒಂದು ಪರೀಕ್ಷೆ ತಯಾರು ಮಾಡಿ. ಹಳೆ ಮೇಲ್‌ಗಳಲ್ಲಿ ಒಂದು 300 ಆರಿಸಿ. ಬೇರೆ ಬೇರೆ ತಿಂಗಳುಗಳಿಂದ ತೆಗೆಯಿರಿ, ಅಚ್ಚುಕಟ್ಟಾಗಿ ಬರೆದವನ್ನೇ ಹೆಕ್ಕಬೇಡಿ. ಅನುಭವ ಇರುವ ಇಬ್ಬರಿಗೆ ಕೊಟ್ಟು, ಒಬ್ಬರದನ್ನು ಇನ್ನೊಬ್ಬರು ನೋಡದ ಹಾಗೆ, ಪ್ರತಿಯೊಂದಕ್ಕೂ ಸರಿಯಾದ ಉತ್ತರ ಬರೆಸಿ. ಎಕ್ಸೆಲ್ ಶೀಟ್ ಸಾಕು.

ಇಲ್ಲೇ ಮೊದಲ ಆಶ್ಚರ್ಯ ಕಾದಿರುತ್ತದೆ. ಎಷ್ಟೋ ಮೇಲ್‌ಗಳಲ್ಲಿ ಆ ಇಬ್ಬರ ಉತ್ತರವೇ ಒಂದಾಗಿರುವುದಿಲ್ಲ. ಒಬ್ಬರು ರಿಫಂಡ್ ಅನ್ನುತ್ತಾರೆ, ಇನ್ನೊಬ್ಬರು ರಿಪೇರಿ ಅನ್ನುತ್ತಾರೆ. ಅಂದರೆ ನಿಮ್ಮ ನಿಯಮವೇ ಇನ್ನೂ ಗಟ್ಟಿಯಾಗಿಲ್ಲ. ಅಂಥ ಕಡೆ ಯಾವ ಎಐ ತಂದರೂ ಸರಿ ಉತ್ತರ ಬರುವುದಿಲ್ಲ, ಯಾಕೆಂದರೆ ಸರಿ ಯಾವುದು ಅಂತ ನೀವೇ ಇನ್ನೂ ಹೇಳಿಲ್ಲ. ಅದನ್ನು ಕೂತು ಮಾತಾಡಿ ತೀರ್ಮಾನ ಮಾಡಿ. ಇಷ್ಟಕ್ಕೇ ಕೆಲಸ ಒಂದಷ್ಟು ಹಗುರವಾಗುತ್ತದೆ.

ಆಮೇಲೆ ಅರ್ಧ ಮೇಲ್‌ಗಳನ್ನು ಉತ್ತರದ ಸಮೇತ ಕನ್ಸಲ್ಟೆಂಟ್‌ಗೆ ಕೊಡಿ, ಅದರ ಮೇಲೆ ಅವರು ತಯಾರಿ ಮಾಡಲಿ. ಇನ್ನರ್ಧ ನಿಮ್ಮ ಹತ್ತಿರವೇ ಇರಲಿ, ಒಂದನ್ನೂ ತೋರಿಸಬೇಡಿ. ಕೊನೆಗೆ ನಿಮ್ಮ ಎದುರಿಗೇ ಆ ಅರ್ಧದ ಮೇಲೆ ಓಡಿಸಿ ಎಣಿಸಿ. ಮೊದಲೇ ನೋಡಿದ ಪ್ರಶ್ನೆಗೆ ಸರಿ ಉತ್ತರ ಕೊಡುವುದು ದೊಡ್ಡ ವಿಷಯವಲ್ಲ. ಈ ಕ್ಷೇತ್ರದಲ್ಲಿ ನಿಜವಾಗಿ ಕೆಲಸ ಮಾಡುವವರಿಗೆಲ್ಲ ಇದು ಮೂಲಪಾಠ. ಆದ್ದರಿಂದ ಇದನ್ನು ಕೇಳಿದಾಗ ಅವರ ಮುಖ ನೋಡಿ. ಬಲ್ಲವರಿಗೆ ಖುಷಿಯಾಗುತ್ತದೆ, ತಾವೇ ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತಾರೆ. "ನಮ್ಮದು ಅಡ್ವಾನ್ಸ್ಡ್ ಮಾಡೆಲ್, ಇದೆಲ್ಲ ಬೇಡ" ಅಂದವರನ್ನು ನಾನಾದರೆ ಎರಡನೇ ಮೀಟಿಂಗ್‌ಗೆ ಕರೆಯುವುದಿಲ್ಲ.

ಅಂಕಿ ವಿಷಯದಲ್ಲಿ ಒಂದು ಎಚ್ಚರ. "99 ಪರ್ಸೆಂಟ್ ಆಕ್ಯುರೆಸಿ" ಅಂತ ಹೇಳಿದರೆ ತಲೆಯಾಡಿಸಬೇಡಿ. 1,000 ಬಿಲ್‌ಗಳಲ್ಲಿ 10 ತಪ್ಪು ಬಿಲ್ ಇವೆ ಅನ್ನಿ. ಒಂದನ್ನೂ ನೋಡದೆ ಎಲ್ಲವೂ ಸರಿ ಇದೆ ಅಂತ ಹೇಳುವ ಸಾಫ್ಟ್‌ವೇರ್‌ಗೂ 99 ಪರ್ಸೆಂಟ್ ಬರುತ್ತದೆ! ನೀವು ಕೇಳಬೇಕಾದ್ದು ಎರಡು. ಆ 10ರಲ್ಲಿ ಎಷ್ಟನ್ನು ಹಿಡಿಯಿತು? ತಪ್ಪು ಅಂತ ಅದು ತೋರಿಸಿದವುಗಳಲ್ಲಿ ನಿಜಕ್ಕೂ ತಪ್ಪಾಗಿದ್ದವು ಎಷ್ಟು? ಜೊತೆಗೆ, ಎಐ ಇಲ್ಲದೆ ನಾಲ್ಕಾರು ಪದ ಹುಡುಕುವ ಸಾದಾ ನಿಯಮ ಬರೆದರೆ ಎಷ್ಟು ಬರುತ್ತಿತ್ತು ಅಂತಲೂ ಕೇಳಿ. ಕೆಲವು ಸಲ ಅಷ್ಟೇ ಸಾಕಾಗುತ್ತದೆ. ಮೇಲ್‌ನಲ್ಲಿ ಆರ್ಡರ್ ನಂಬರ್ ಇರುವುದಿಲ್ಲ ಅನ್ನುವುದೇ ತೊಂದರೆ ಆಗಿದ್ದರೆ, ವೆಬ್‌ಸೈಟ್ ಫಾರ್ಮ್‌ನಲ್ಲಿ ಆ ಒಂದು ಕಾಲಂ ಕಡ್ಡಾಯ ಮಾಡಿದರೆ ಮುಗಿಯಿತು. "ಇದಕ್ಕೆ ಎಐ ಬೇಡ ಸರ್" ಅಂತ ತನ್ನ ಸಂಪಾದನೆ ಬಿಟ್ಟು ಹೇಳುವ ಕನ್ಸಲ್ಟೆಂಟ್ ಸಿಕ್ಕರೆ, ಅವರನ್ನು ಬಿಡಬೇಡಿ.

ದೊಡ್ಡ ಹೆಸರು ಇದ್ದರೆ ಇದೆಲ್ಲ ಯಾಕೆ ಅನ್ನುವವರಿದ್ದಾರೆ. 2025ರಲ್ಲಿ ಆಸ್ಟ್ರೇಲಿಯಾ ಸರ್ಕಾರಕ್ಕೆ ಡೆಲಾಯ್ಟ್ ಅನ್ನುವ ದೊಡ್ಡ ಕನ್ಸಲ್ಟಿಂಗ್ ಕಂಪನಿ ಮಾಡಿಕೊಟ್ಟ ಒಂದು ವರದಿ ನೆನಪಿಸಿಕೊಳ್ಳಿ. ಸುಮಾರು 4,40,000 ಆಸ್ಟ್ರೇಲಿಯನ್ ಡಾಲರ್ ಕೆಲಸ. ಅದರಲ್ಲಿ ಇಲ್ಲದ ಸಂಶೋಧನೆಗಳ ಉಲ್ಲೇಖ ಇತ್ತು, ಕೋರ್ಟ್ ತೀರ್ಪಿನದು ಅಂತ ಹೇಳಿದ ಒಂದು ಮಾತೂ ಕಟ್ಟಿದ್ದಾಗಿತ್ತು. ವರದಿ ಬರೆಯಲು ಎಐ ಬಳಸಿದ್ದು ಆಮೇಲೆ ತಿದ್ದಿದ ಪ್ರತಿಯಲ್ಲಿ ಬಂತು, ಹಣದಲ್ಲಿ ಒಂದು ಭಾಗ ವಾಪಸ್ ಕೊಡಬೇಕಾಯಿತು. ಆದ್ದರಿಂದ ಯಾವ ಕನ್ಸಲ್ಟೆಂಟ್ ಆದರೂ ಸರಿ, ನಿಮ್ಮ ಸ್ವಂತ ಕೆಲಸದಲ್ಲಿ ಎಐ ಎಲ್ಲೆಲ್ಲಿ ಬಳಸುತ್ತೀರಿ, ಬಂದಿದ್ದನ್ನು ಯಾರು ಓದಿ ನೋಡುತ್ತಾರೆ ಅಂತ ನೇರವಾಗಿ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ತಪ್ಪಾದಾಗ ಹೊಣೆ ಯಾರದು ಅನ್ನುವುದನ್ನಂತೂ ಬಾಯಿಮಾತಿಗೆ ಬಿಡಲೇಬೇಡಿ. ಏರ್ ಕೆನಡಾ ಚಾಟ್‌ಬಾಟ್ ಪ್ರಕರಣ ಗೊತ್ತಿರಬಹುದು. ಅಜ್ಜಿ ತೀರಿಕೊಂಡರೆಂದು ಹೊರಟ ಪ್ರಯಾಣಿಕರಿಗೆ, ಈಗ ಟಿಕೆಟ್ ತಗೊಳ್ಳಿ, ರಿಯಾಯಿತಿಗೆ 90 ದಿನದೊಳಗೆ ಅರ್ಜಿ ಹಾಕಬಹುದು ಅಂತ ಬಾಟ್ ಹೇಳಿತು. ಕಂಪನಿಯ ನಿಯಮದಲ್ಲಿ ಹಾಗಿರಲಿಲ್ಲ. ತನ್ನ ಮಾತಿಗೆ ಬಾಟ್ ತಾನೇ ಹೊಣೆ ಅನ್ನುವ ಹಾಗೆ ಕಂಪನಿ ವಾದಿಸಿತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಅದನ್ನು ಒಪ್ಪಲಿಲ್ಲ. ವೆಬ್‌ಸೈಟ್ ನಿಮ್ಮದು, ಅದರಲ್ಲಿ ಬರುವ ಮಾತೂ ನಿಮ್ಮದೇ ಅಂತ ಹೇಳಿ ಪರಿಹಾರ ಕೊಡಿಸಿತು. ಪರಿಹಾರದ ಮೊತ್ತ ಸಣ್ಣದು. ಆದರೆ ನಿಮ್ಮ ಕಸ್ಟಮರ್ ಎದುರು ನಿಲ್ಲುವವರು ನೀವು, ಕನ್ಸಲ್ಟೆಂಟ್ ಅಲ್ಲ. ಯಾವ ಉತ್ತರ ನೇರವಾಗಿ ಹೋಗಬಹುದು, ಯಾವುದನ್ನು ಮನುಷ್ಯರು ನೋಡಿಯೇ ಕಳಿಸಬೇಕು ಅಂತ ಅಗ್ರಿಮೆಂಟ್‌ನಲ್ಲೇ ಬರೆಸಿ.

ದುಡ್ಡಿನ ವಿಷಯ. ಮಾಡಿಕೊಡುವ ಫೀಸು ಒಂದೇ ಸಲ, ಓಡಿಸುವ ಖರ್ಚು ತಿಂಗಳು ತಿಂಗಳು. ಇಂಥ ಎಐ ಮಾಡೆಲ್‌ಗಳಿಗೆ ಸಾಮಾನ್ಯವಾಗಿ ಟೋಕನ್ (ಪದ ಅಥವಾ ಪದದ ಸಣ್ಣ ತುಣುಕು) ಲೆಕ್ಕದಲ್ಲಿ ಬಿಲ್ ಬರುತ್ತದೆ. ಇಂಗ್ಲಿಷ್ ಅಲ್ಲದ ಭಾಷೆಗಳಲ್ಲಿ ಅದೇ ವಿಷಯ ಹೇಳಲು ಎಷ್ಟೋ ಸಲ ಜಾಸ್ತಿ ಟೋಕನ್ ಬೇಕಾಗುತ್ತದೆ. ಆದ್ದರಿಂದ 1,000 ಮೇಲ್‌ಗೆ ಎಷ್ಟು ಬೀಳುತ್ತದೆ ಅಂತ ನಿಮ್ಮ ಭಾಷೆಯ ಮೇಲ್‌ಗಳನ್ನೇ ಓಡಿಸಿ ತೋರಿಸಲಿ. ಯಾವುದಾದರೂ ಸಾಫ್ಟ್‌ವೇರ್ ತಗೊಳ್ಳಿ ಅಂತ ಹೇಳಿದರೆ, ಅದರಿಂದ ಅವರಿಗೆ ಕಮಿಷನ್ ಇದೆಯಾ ಕೇಳಿ. ಇದ್ದರೆ ತಪ್ಪೇನಿಲ್ಲ, ಮುಚ್ಚಿಟ್ಟರೆ ತಪ್ಪು.

ಅಕೌಂಟ್‌ಗಳು, ಕೋಡ್, ಪ್ರಾಂಪ್ಟ್‌ಗಳು (ಎಐಗೆ ಬರೆದುಕೊಡುವ ಸೂಚನೆಗಳು) ಎಲ್ಲ ನಿಮ್ಮ ಕಂಪನಿ ಹೆಸರಲ್ಲೇ ಇರಲಿ. ನಿಮ್ಮ ಡೇಟಾ ಯಾವ ಸರ್ವರ್‌ಗೆ ಹೋಗುತ್ತದೆ, ಅದರಿಂದ ಬೇರೆಯವರ ಮಾಡೆಲ್‌ಗೆ ತರಬೇತಿ ಆಗುತ್ತದಾ ಅನ್ನುವುದು ಬರಹದಲ್ಲಿ ಇರಲಿ.

ಇನ್ನೊಂದು ನಾನು ಗಮನಿಸುವುದು, ಕನ್ಸಲ್ಟೆಂಟ್ ಯಾರ ಹತ್ತಿರ ಮಾತಾಡುತ್ತಾರೆ ಅಂತ. ಮಾಲೀಕರ ರೂಮಿನಲ್ಲಿ ಸ್ಲೈಡ್ ತೋರಿಸಿ ಹೊರಟರೆ ಸಾಲದು. ಮೇಲ್ ಓದುವವರ ಪಕ್ಕದಲ್ಲಿ ಒಂದು ದಿನ ಸುಮ್ನೆ ಕೂತು ನೋಡಲಿ. "ಇದನ್ನ ಯಾಕೆ ಅಲ್ಲಿಗೆ ಕಳಿಸಿದ್ರಿ?" ಅಂತ ಕೇಳಲಿ. ನಿಮ್ಮ ಸಿಬ್ಬಂದಿಗೂ ಹೇಳಬೇಕಾದ್ದು ಇರುತ್ತದೆ, ಕೆಲಸ ಹೋಗುತ್ತದೇನೋ ಅನ್ನುವ ಹೆದರಿಕೆಯೂ ಇರುತ್ತದೆ. ಅದಕ್ಕೆ ನೀವೇ ಮೊದಲು ಉತ್ತರ ಕೊಟ್ಟಿರಬೇಕು. ಇಲ್ಲದಿದ್ದರೆ ಅವರು ತಮಗೆ ಗೊತ್ತಿರುವುದನ್ನು ಯಾಕೆ ಬಿಚ್ಚಿ ಹೇಳುತ್ತಾರೆ, ಅಲ್ವಾ?

ಆ 300 ಮೇಲ್‌ಗಳ ಶೀಟನ್ನು ಕೆಲಸ ಮುಗಿದ ಮೇಲೂ ಜೋಪಾನವಾಗಿ ಇಟ್ಟುಕೊಳ್ಳಿ. ಮಾಡೆಲ್ ಕಂಪನಿಗಳು ಹಳೆಯ ಮಾಡೆಲ್‌ಗಳನ್ನು ಆಗಾಗ ನಿಲ್ಲಿಸಿ ಹೊಸದಕ್ಕೆ ಬನ್ನಿ ಅನ್ನುತ್ತವೆ. ನಿನ್ನೆವರೆಗೆ ಸರಿ ಇದ್ದ ಉತ್ತರ ಹೊಸದರಲ್ಲಿ ಬೇರೆಯಾಗಬಹುದು. ಪ್ರತಿ ಸಲ ಬದಲಾದಾಗಲೂ ಅದೇ ಶೀಟ್ ಮೇಲೆ ಓಡಿಸಿ, ಹೊಸ ಥರದ ಮೇಲ್ ಬಂದಾಗ ಅದನ್ನೂ ಸೇರಿಸುತ್ತಾ ಹೋಗಿ. ಕನ್ಸಲ್ಟೆಂಟ್ ಬದಲಾದರೂ ಮುಂದಿನವರನ್ನು ಇದೇ ಶೀಟ್ ಹಿಡಿದು ಅಳೆಯಬಹುದು.