ಆಯ್ಕೆಯ ಕೃಪೆಯನ್ನೂ ಅನ್ಯಭಾಷೆಯನ್ನೂ ಒಟ್ಟಿಗೆ ನಂಬುವವನ ಮಾತು

ಕಳೆದ ಭಾನುವಾರ ಆರಾಧನೆ ಮುಗಿದು ಚಪ್ಪಲಿ ಹುಡುಕುತ್ತಿದ್ದಾಗ ಸಭೆಯ ಹುಡುಗನೊಬ್ಬ ಕೇಳಿದ: "ಅಣ್ಣಾ, ನೀವು ಕ್ಯಾಲ್ವಿನ್ ಕಡೆಯವರೋ, ಪೆಂತೆಕೊಸ್ತ್ ಕಡೆಯವರೋ?" ಎರಡೂ ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ. ಅವನಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ರಕ್ಷಣೆಗೆ ದೇವರೇ ಜನರನ್ನು ಮೊದಲು ಆರಿಸಿಕೊಳ್ಳುತ್ತಾನೆ, ಅದು ಬರೀ ಕೃಪೆ ಅನ್ನುವುದು ಹದಿನಾರನೇ ಶತಮಾನದ ಸುಧಾರಕ ಕ್ಯಾಲ್ವಿನನ ಬೋಧನೆ. ಅನ್ಯಭಾಷೆ, ಅಂದರೆ ಕಲಿಯದ ಭಾಷೆಯಲ್ಲಿ ಪ್ರಾರ್ಥಿಸುವುದು, ಸ್ವಸ್ಥಮಾಡುವುದು ಮುಂತಾದ ಪವಿತ್ರಾತ್ಮನ ವರಗಳು ಇಂದಿಗೂ ಸಿಗುತ್ತವೆ ಅನ್ನುವವರು ಪೆಂತೆಕೊಸ್ತ್ ಕಡೆಯವರು.

ನಮ್ಮ ತುಮಕೂರು ಕಡೆ ಪವಿತ್ರಾತ್ಮನ ಮಾತು ಹೊಸದಲ್ಲ. 1839ರಲ್ಲಿ ಇಂಡಿಯಾಕ್ಕೆ ಬಂದು ಗುಬ್ಬಿಯಲ್ಲಿ ಸೇವೆ ಮಾಡಿದ ವೆಸ್ಲಿಯನ್ ಮಿಷನರಿ ವಿಲಿಯಂ ಆರ್ಥರ್, ಆರೋಗ್ಯ ಕೆಟ್ಟು ಬೇಗನೆ ಊರಿಗೆ ಮರಳಿದರು. 1856ರಲ್ಲಿ ಅವರು ಬರೆದ ಪುಸ್ತಕ, ಪವಿತ್ರಾತ್ಮ ಶಿಷ್ಯರ ಮೇಲೆ ಇಳಿದ ಪಂಚಾಶತ್ತಮ ದಿನದ ಬೆಂಕಿಯ ನಾಲಗೆಗಳ ಬಗ್ಗೆಯೇ. ಆದರೆ ಆ ಪಂಗಡದ ಮೂಲಪುರುಷ ಜಾನ್ ವೆಸ್ಲಿಯವರಿಗೆ ಕ್ಯಾಲ್ವಿನನ ಪೂರ್ವನಿರ್ಧಾರ ಒಪ್ಪಿಗೆ ಇರಲಿಲ್ಲ. ಹಾಗಾಗಿ ದೇವರೇ ಮೊದಲು ಆರಿಸಿಕೊಂಡ ಅನ್ನುವ ಬೋಧನೆ ನಮ್ಮ ಕಿವಿಗೆ ಇನ್ನೂ ಹೊರಗಿನದು.

ನನಗೆ ಆ ಬೋಧನೆ ಬೇಕಾಗಿ ಬಂದದ್ದು ಅಕ್ಕನಿಂದ. ಅವಳ ಎರಡೂ ಕಿಡ್ನಿ ಸೋತಾಗ ಒಂದು ಉಪವಾಸ ಕೂಟಕ್ಕೆ ಕರೆದುಕೊಂಡು ಹೋಗಿದ್ದೆ. ಎಣ್ಣೆ ಹಚ್ಚಿ, ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಎರಡನೇ ಸಲ ಹೋದಾಗ ಮೈಕಿನಲ್ಲೇ ಹೇಳಿದರು: "ತಂಗೀ, ನಿನ್ನಲ್ಲಿ ನಂಬಿಕೆ ಕಮ್ಮಿ." ಮನೆಗೆ ಬಂದವಳು ಊಟ ಮಾಡಲಿಲ್ಲ. ಡಯಾಲಿಸಿಸ್ ಸೂಜಿ ಚುಚ್ಚಿ ಉಬ್ಬಿದ ಎಡಗೈ ಸವರಿಕೊಳ್ಳುತ್ತಾ, "ಇನ್ನೆಷ್ಟು ನಂಬಬೇಕಿತ್ತೋ?" ಅಂದಳು.

ತಪ್ಪು ಎಲ್ಲಿದೆ ಅಂತ ಆಮೇಲೆ ಹೊಳೆಯಿತು. ಕನ್ನಡದಲ್ಲಿ 'ವರ' ಅಂದ ಕೂಡಲೇ ನಮಗೆ ನೆನಪಾಗುವುದು ತಪಸ್ಸು. ಒಂಟಿಕಾಲಲ್ಲಿ ನಿಂತವನಿಗೆ ದೇವರು ಪ್ರತ್ಯಕ್ಷನಾಗಿ ಕೇಳಿದ್ದು ಕೊಡಲೇಬೇಕು. ಈ ಲೆಕ್ಕವನ್ನೇ ನಾವು ಸಭೆಯೊಳಕ್ಕೆ ತಂದಿದ್ದೇವೆ: ಇಷ್ಟು ದಿನ ಉಪವಾಸ, ಇಷ್ಟು ನಂಬಿಕೆ, ಇಷ್ಟು ಕಾಣಿಕೆ. ನಮ್ಮ ಬೈಬಲಿನಲ್ಲಿ 'ವರ' ಅಂತ ಇರುವಲ್ಲಿ ಅಪೊಸ್ತಲ ಪೌಲ ಬಳಸಿದ ಗ್ರೀಕ್ ಪದ ಖಾರಿಸ್ಮ. ಅದು ಹುಟ್ಟಿದ್ದು ಖಾರಿಸ್, ಅಂದರೆ ಕೃಪೆ ಎಂಬ ಪದದಿಂದ. ಆತ್ಮನು ತನಗೆ ಇಷ್ಟಬಂದ ಹಾಗೆ ಒಬ್ಬೊಬ್ಬರಿಗೆ ಹಂಚುತ್ತಾನೆ ಅನ್ನುತ್ತದೆ 1 ಕೊರಿಂಥ 12:11. ಇದಕ್ಕಿಂತ ಕ್ಯಾಲ್ವಿನಿಸ್ಟ್ ಆದ ಮಾತು ಇನ್ಯಾವುದಿದೆ? ಅದೇ ಪೌಲ ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದ. ನಿನಗೆ ನಂಬಿಕೆ ಸಾಲದು ಅಂತ ಅವನನ್ನು ಬೈದಿದ್ದು ಎಲ್ಲೂ ಇಲ್ಲ.

ಇನ್ನು ನನ್ನ ಕ್ಯಾಲ್ವಿನ್ ಬಳಗ. ವರಗಳೆಲ್ಲ ಅಪೊಸ್ತಲರ ಕಾಲಕ್ಕೇ ಮುಗಿದವು ಅನ್ನುತ್ತಾರೆ. ಅಮೆರಿಕದ ದೇವತಾಶಾಸ್ತ್ರಜ್ಞ ವಾರ್‌ಫೀಲ್ಡ್ 1918ರಲ್ಲಿ ಇದನ್ನು ಗಟ್ಟಿಯಾಗಿ ವಾದಿಸಿದರು. ಸ್ವಸ್ಥಮಾಡುವ ವರ ನಿಂತುಹೋಯಿತು ಅಂತ ಕ್ಯಾಲ್ವಿನನೂ ಬರೆದಿದ್ದಾನೆ, ಮುಚ್ಚಿಡುವುದಿಲ್ಲ. ಆದರೆ ಪೌಲನ ಪ್ರಕಾರ ಪ್ರವಾದನೆ ಇಲ್ಲದೆಹೋಗುವುದು ಸಂಪೂರ್ಣವಾದದ್ದು ಬಂದಾಗ, ನಾವು ಮುಖಾಮುಖಿಯಾಗಿ ನೋಡುವಾಗ. ಆ ದಿನ ಇನ್ನೂ ಬಂದಿಲ್ಲ. 1905ರಲ್ಲಿ ಇಂದಿನ ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಪವಿತ್ರಾತ್ಮನ ಉಜ್ಜೀವನ ಹೊತ್ತಿಕೊಂಡದ್ದು ವೇಲ್ಸಿನ ಕ್ಯಾಲ್ವಿನಿಸ್ಟ್ ಮೆಥಡಿಸ್ಟರು ಕಟ್ಟಿದ ಸಭೆಗಳಲ್ಲೇ. ಗುಬ್ಬಚ್ಚಿ ನೆಲಕ್ಕೆ ಬೀಳುವುದೂ ದೇವರ ಕೈಯಲ್ಲಿದೆ ಅನ್ನುವವರು, ಆತ ಇದನ್ನು ಮಾತ್ರ ಇನ್ನು ಮಾಡುವುದಿಲ್ಲ ಅಂತ ಗೆರೆ ಎಳೆಯುವುದು ನನ್ನಿಂದ ಒಪ್ಪಲಾಗುವುದಿಲ್ಲ.

ನಮ್ಮ ಸಭೆಯಲ್ಲಿ ಹುಣಸೆಹಣ್ಣು ಬಿಡಿಸುವ ಕೂಲಿಗೆ ಹೋಗುವ ಅಜ್ಜಿಯೊಬ್ಬರಿದ್ದಾರೆ. ಒಂದು ಸಂಜೆ ಅಕ್ಕನ ಪಕ್ಕ ಕೂತು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಅನ್ಯಭಾಷೆಯಲ್ಲಿ ಪ್ರಾರ್ಥಿಸಿದರು. ಬೆರಳ ಸಂದಿಯಲ್ಲಿ ಹುಣಸೆಯ ಕಂದು ಕಲೆ ಹಾಗೇ ಇತ್ತು. ಆಮೇಲೆ, "ಕೀರ್ತನೆ ನೂರಾ ಮೂವತ್ತೊಂಬತ್ತು ಮನಸ್ಸಿಗೆ ಬಂತವ್ವ. ದೇವರ ಮಾತೋ ನನ್ನ ಯೋಚ್ನೆಯೋ, ನೀನೇ ಓದಿ ನೋಡು" ಅಂದರು. ಓದಿದೆವು. ನನ್ನ ಅಂತರಿಂದ್ರಿಯಗಳನ್ನು ಉಂಟುಮಾಡಿದವನು ನೀನೇ ಅಂತ ಅಲ್ಲಿದೆ. 'ಅಂತರಿಂದ್ರಿಯ' ಅನ್ನುವಲ್ಲಿ ಮೂಲದಲ್ಲಿರುವ ಇಬ್ರಿಯ (ಹೀಬ್ರೂ) ಪದದ ನೇರ ಅರ್ಥ ಮೂತ್ರಪಿಂಡ, ಕಿಡ್ನಿ. ಅಜ್ಜಿಗೆ ಕನ್ನಡ ಅಕ್ಷರವೇ ಬರುವುದಿಲ್ಲ, ಇಬ್ರಿಯ ಎಲ್ಲಿಂದ ಬರಬೇಕು? ಮೂರು ವಚನ ಕೆಳಗೆ, ನನ್ನ ದಿನಗಳೆಲ್ಲ ಶುರುವಾಗುವ ಮೊದಲೇ ನಿನ್ನ ಪುಸ್ತಕದಲ್ಲಿ ಬರೆದಿದ್ದವು ಅಂತಲೂ ಇದೆ.

ಅಕ್ಕ ಈಗಲೂ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುತ್ತಾಳೆ. ಆ ಕೀರ್ತನೆಯನ್ನು ಚೀಟಿಯಲ್ಲಿ ಬರೆದು ಆಸ್ಪತ್ರೆ ಫೈಲಿನೊಳಗೆ ಇಟ್ಟುಕೊಂಡಿದ್ದಾಳೆ. ಪ್ರತಿ ಬುಧವಾರ ನಾವು ಅವಳ ತಲೆ ಮೇಲೆ ಕೈಯಿಟ್ಟು, ವಾಸಿಮಾಡಪ್ಪಾ ಅಂತಲೇ ಬೇಡುತ್ತೇವೆ.