ಹೆಸರೇ ಇಲ್ಲದ ಸ್ಮಾರಕ ಯಾರ ನೆನಪಿಗೆ?

ಈಗಷ್ಟೇ ಒಂದು ವಿಡಿಯೋ ನೋಡಿದೆ. ಖುಷಿಯೂ ಆಯ್ತು, ಸಿಟ್ಟೂ ಬಂತು. ಬರೆದು ಹಾಕದೆ ನಿದ್ದೆ ಬರಲ್ಲ.

ಜಪಾನಿನ ಒಕಿನಾವಾದಲ್ಲಿ ಮಬುನಿ ಅಂತ ಒಂದು ಜಾಗ. ಸಮುದ್ರದ ಪಕ್ಕದಲ್ಲಿ ಸಾಲು ಸಾಲು ಕಪ್ಪು ಕಲ್ಲಿನ ಗೋಡೆಗಳು. ಒಬ್ಬರು ಅಜ್ಜಿ ಹೆಸರುಗಳ ಮೇಲೆ ಬೆರಳಾಡಿಸುತ್ತಾ ಬಂದು ಒಂದು ಕಡೆ ನಿಂತರು. ಬಾಟಲಿಯ ನೀರನ್ನು ಆ ಹೆಸರಿನ ಮೇಲೆ ಸುರಿದು, ಅಂಗೈಯಲ್ಲೇ ಒರೆಸಿದರು. ಮುಖ ತೊಳೆಸಿದ ಹಾಗೆ.

1945ರಲ್ಲಿ ಅಲ್ಲಿ ನಡೆದ ಯುದ್ಧಕ್ಕೆ ಐವತ್ತು ವರ್ಷ ತುಂಬಿದಾಗ, ಅಂದರೆ 1995ರಲ್ಲಿ ಈ ಗೋಡೆಗಳು ಎದ್ದವು. ಈಗ ಅವುಗಳ ಮೇಲೆ ಸತ್ತವರ 2 ಲಕ್ಷ 40 ಸಾವಿರಕ್ಕೂ ಜಾಸ್ತಿ ಹೆಸರುಗಳಿವೆ. ಜಪಾನಿನ ಸೈನಿಕರು, ಅವರ ವಿರುದ್ಧ ಹೋರಾಡಿದ ಅಮೆರಿಕದವರು, ಕೊರಿಯಾದವರು, ಜೊತೆಗೆ ಆ ದ್ವೀಪದ ಸಾಮಾನ್ಯ ಜನ. ಮನೆಮಂದಿಯೆಲ್ಲ ಸತ್ತು, ಮಗುವಿನ ಹೆಸರು ಹೇಳುವವರೂ ಉಳಿಯದ ಕಡೆ 'ಇಂಥವರ ಮಗು' ಅಂತ ಕೆತ್ತಿದ್ದಾರೆ. ಅದನ್ನು ಓದಿ ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

ನನ್ನ ಸಿಟ್ಟು ಇಷ್ಟೇ. ಎಷ್ಟೋ ಸ್ಮಾರಕಗಳಲ್ಲಿ ಕಂಬ ಎತ್ತರ, ಉದ್ಘಾಟಿಸಿದವರ ಹೆಸರು ದಪ್ಪಕ್ಷರದಲ್ಲಿ. ಸತ್ತವರು ಮಾತ್ರ 'ವೀರ ಯೋಧರು' ಅನ್ನೋ ಎರಡು ಪದದಲ್ಲಿ ಮುಗಿದುಹೋಗುತ್ತಾರೆ. ಬಾಂಬಿಗೆ ಸಿಕ್ಕ ಹೆಂಗಸರು ಮಕ್ಕಳಿಗೆ ಆ ಎರಡು ಪದವೂ ಇಲ್ಲ.

ನೈರೋಬಿಯಲ್ಲಿ ಮೊದಲ ಮಹಾಯುದ್ಧದ ಆಫ್ರಿಕನ್ ಸೈನಿಕರಿಗೂ ಹೊರೆ ಹೊತ್ತವರಿಗೂ ಒಂದು ಸ್ಮಾರಕ ಇದೆ. ಮೂರು ಕಂಚಿನ ಪ್ರತಿಮೆಗಳು. ದೇಶಕ್ಕಾಗಿ ಹೋರಾಡಿ ಸತ್ತರೂ ನಿಮ್ಮ ಮಕ್ಕಳು ನಿಮ್ಮ ಹೆಸರು ನೆನೆಯುತ್ತಾರೆ ಅಂತ ಕೆಳಗೆ ಬರೆದಿದ್ದಾರೆ. ಆದರೆ ಅಲ್ಲಿ ಸತ್ತವರ ಒಂದು ಹೆಸರೂ ಇಲ್ಲ! ಇರಾಕಿನ ಬಸ್ರಾದಲ್ಲಿ ಅದೇ ಯುದ್ಧದಲ್ಲಿ ಸತ್ತವರಿಗಾಗಿ 1929ರಲ್ಲಿ ಬ್ರಿಟಿಷರು ಕಟ್ಟಿದ ಸ್ಮಾರಕದಲ್ಲಿ ಅವರ ಸಿಪಾಯಿಗಳಿಗೆಲ್ಲ ಹೆಸರಿದೆ. ಭಾರತದವರಲ್ಲಿ ಅಧಿಕಾರಿಗಳಿಗೆ ಮಾತ್ರ. ಉಳಿದವರು ರೆಜಿಮೆಂಟಿನ ಕೆಳಗೆ ಬರೀ ಲೆಕ್ಕ, 'ಇತರೆ ಇಷ್ಟು ಜನ' ಅಂತ. ಇಂಥ ತಾರತಮ್ಯಕ್ಕೆ, ಈ ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಕ್ಷಮೆ ಕೇಳಿದ್ದು 2021ರಲ್ಲಿ. ಅಷ್ಟು ಹೊತ್ತಿಗೆ ಅವರ ಮಕ್ಕಳೂ ತೀರಿಹೋಗಿದ್ದರು.

ಸೈನಿಕರು, ಸಾಮಾನ್ಯ ಜನ ಅನ್ನದೆ ಸತ್ತವರೆಲ್ಲರ ಹೆಸರೂ ಸ್ಮಾರಕದಲ್ಲಿ ಇರಬೇಕು ಅಂತ ಗೆಳೆಯನೊಬ್ಬನಿಗೆ ಹೇಳಿದೆ. "ಸೈನಿಕ ಪ್ರಾಣ ಕೊಡೋಕೆ ಸಿದ್ಧನಾಗಿ ಹೋಗ್ತಾನೆ ಕಣೇ. ಅವನನ್ನೂ ಮನೇಲಿ ಮಲಗಿದ್ದಾಗ ಸತ್ತವನನ್ನೂ ಒಂದೇ ಕಲ್ಲಿನ ಮೇಲೆ ಹೇಗೆ ಬರೀತೀಯ?" ಅಂದ. ಸೈನಿಕನ ಧೈರ್ಯಕ್ಕೆ ನಾನೂ ಕೈ ಮುಗಿಯುತ್ತೇನೆ. ಆದರೆ ಪಕ್ಕದಲ್ಲಿ ಒಂದು ಮಗುವಿನ ಹೆಸರಿದ್ದರೆ ಅವನ ಗೌರವ ಅದು ಹೇಗೆ ಕಡಿಮೆಯಾಗುತ್ತೆ? ಆ ಮಗುವನ್ನು ಉಳಿಸೋಕೆ ತಾನೇ ಅವನು ಹೋಗಿದ್ದು?

ವಾಷಿಂಗ್ಟನ್ನಿನ ವಿಯೆಟ್ನಾಂ ಗೋಡೆ ನೋಡಿ. 1982ರದ್ದು. ವಿಯೆಟ್ನಾಂ ಯುದ್ಧಕ್ಕೆ ಹೋದ ಅಮೆರಿಕದ ಸೈನಿಕರ 58 ಸಾವಿರಕ್ಕೂ ಹೆಚ್ಚು ಹೆಸರುಗಳು, ಸತ್ತ ದಿನಾಂಕದ ಪ್ರಕಾರ. ಜನ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಹೆಸರನ್ನು ಮನೆಗೆ ಒಯ್ಯುತ್ತಾರೆ. ಒಳ್ಳೆಯದೇ. ಆದರೆ ಅದೇ ಯುದ್ಧದಲ್ಲಿ ಸತ್ತ ಲಕ್ಷಾಂತರ ವಿಯೆಟ್ನಾಂ ಜನರ ಹೆಸರನ್ನು ಎಲ್ಲಿ ಹುಡುಕೋಣ?

"ಅಷ್ಟು ಜನರ ಪಟ್ಟಿ ಎಲ್ಲಿ ಸಿಗುತ್ತೆ?" ಅನ್ನೋದು ಅವನ ಮುಂದಿನ ಪ್ರಶ್ನೆ. ಹುಡುಕಿದರೆ ಸಿಗುತ್ತೆ. 1968ರಲ್ಲಿ ಅಮೆರಿಕದ ಸೈನಿಕರು ಹಳ್ಳಿಯ ಜನರನ್ನು ಕೊಂದ ವಿಯೆಟ್ನಾಂನ ಮೈ ಲಾಯ್‌ನಲ್ಲಿ 504 ಜನರ ಹೆಸರು, ವಯಸ್ಸು ಎರಡನ್ನೂ ಕಲ್ಲಿನಲ್ಲಿ ಬರೆದಿಟ್ಟಿದ್ದಾರೆ. ಒಕಿನಾವಾದವರೂ ಪಟ್ಟಿ ಪೂರ್ತಿಯಾಗಲಿ ಅಂತ ಕಾಯಲಿಲ್ಲ. ಮನೆಯವರು ಹೊಸ ಹೆಸರು ಕೊಟ್ಟರೆ ವರ್ಷ ವರ್ಷವೂ ಸೇರಿಸುತ್ತಾ ಬಂದಿದ್ದಾರೆ. ಇಷ್ಟಾದ ಮೇಲೂ ಆಗಲ್ಲ ಅನ್ನುವವರು ಕಾಮೆಂಟಿಗೆ ಬನ್ನಿ. ಈ ವಿಷಯದಲ್ಲಿ ನಾನು ಸುಮ್ನೆ ಬಿಡುವವಳಲ್ಲ.