ಎರಡೂ ಕಡೆ ಒಂದೇ ಚಕ್ರ

ಆಗಸ್ಟ್ ಬಂದರೆ ಸಾಕು, ಚಿತ್ರದುರ್ಗದ ಗಾಂಧಿ ಸರ್ಕಲ್ ಸುತ್ತ ಬಾವುಟ ಮಾರುವವರು ಕಾಣಿಸಿಕೊಳ್ಳುತ್ತಾರೆ. ಬೈಕಿಗೆ ಸಿಕ್ಕಿಸುವುದು, ಜೇಬಿಗೆ ಚುಚ್ಚಿಕೊಳ್ಳುವುದು, ಆಟೋದ ಗಾಜಿನ ಹಿಂದೆ ನಿಲ್ಲಿಸುವುದು, ತರಾವರಿ ಬಾವುಟ. ಕೊಳ್ಳುವ ಮುಂಚೆ ಚಕ್ರದ ಗೆರೆ ಎಣಿಸುವ ಚಾಳಿ ನನ್ನದು. 24 ಇರಬೇಕು. ಅಗ್ಗದ ಬಾವುಟದಲ್ಲಿ ಒಂದೊಂದು ಸಲ ಅಷ್ಟಿರುವುದಿಲ್ಲ. ಕೆಲವದರಲ್ಲಿ ಚಕ್ರವೇ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. "ಹಾರೋವಾಗ ಯಾರ್ ಎಣಿಸ್ತಾರೆ ಸಾರ್, ತಗೊಳ್ರಿ" ಎನ್ನುತ್ತಾನೆ ಮಾರುವ ಹುಡುಗ. ಅದೂ ನಿಜವೇ.

ಕೇಸರಿ ಅಂದ್ರೆ ತ್ಯಾಗ, ಬಿಳಿ ಅಂದ್ರೆ ಶಾಂತಿ, ಹಸಿರು ಅಂದ್ರೆ ಸಮೃದ್ಧಿ ಎಂದು ಬಾಯಿಪಾಠ ಮಾಡಿದವರು ನಾವು. ಆದರೆ ಈ ಬಣ್ಣಗಳೇನೂ ಜಗಳವಿಲ್ಲದೆ ಬಂದು ಕೂತಿಲ್ಲ. 1921ರಲ್ಲಿ ಬೆಜವಾಡದಲ್ಲಿ, ಅಂದರೆ ಈಗಿನ ವಿಜಯವಾಡದಲ್ಲಿ, ಪಿಂಗಳಿ ವೆಂಕಯ್ಯ ಗಾಂಧೀಜಿಗೆ ಕೊಟ್ಟ ನಮೂನೆಯಲ್ಲಿ ಇದ್ದದ್ದು ಕೆಂಪು, ಹಸಿರು ಎರಡೇ. ಒಂದು ಹಿಂದೂಗಳದ್ದು, ಇನ್ನೊಂದು ಮುಸ್ಲಿಮರದ್ದು ಎಂಬ ಲೆಕ್ಕ. ಹಾಗಾದರೆ ಉಳಿದವರು? ಅವರಿಗೆ ಬಿಳಿ ಸೇರಿಸಿ ಅಂದರು ಗಾಂಧೀಜಿ. ಆಮೇಲೆ ಸಿಖ್ಖರು ನಮ್ಮ ಬಣ್ಣ ಎಲ್ಲಿ ಎಂದರು. 1931ರಲ್ಲಿ ಒಂದು ಸಮಿತಿ, ಇಡೀ ಬಾವುಟ ಕೇಸರಿಯೇ ಇರಲಿ ಎಂದು ಶಿಫಾರಸು ಮಾಡಿತು. ಕಾಂಗ್ರೆಸ್ ಒಪ್ಪಲಿಲ್ಲ. ಅದೇ ವರ್ಷ ಕೇಸರಿ, ಬಿಳಿ, ಹಸಿರು ಮೂರು ಬಣ್ಣ ಗಟ್ಟಿಯಾಯಿತು, ಬಣ್ಣಕ್ಕೂ ಧರ್ಮಕ್ಕೂ ಸಂಬಂಧವಿಲ್ಲ ಎಂದು ಠರಾವೂ ಆಯಿತು. ಆಗ ಹಸಿರಿಗೆ ಹೇಳಿದ ಅರ್ಥ ಬೆಳೆಯಲ್ಲ, ನಂಬಿಕೆ. ನಡುವೆ ಇದ್ದದ್ದು ಚರಕ.

ಚರಕ ಹೋಗಿ ಚಕ್ರ ಬಂದ ಕಥೆ ನನಗೆ ಜಾಸ್ತಿ ಇಷ್ಟ. 1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ನೆಹರೂ ಬಾವುಟದ ಠರಾವು ಮಂಡಿಸಿದರು. ದೊಡ್ಡ ಮಾತುಗಳ ನಡುವೆ ಒಂದು ದರ್ಜಿಯ ಮಾತನ್ನೂ ಆಡಿದರು. ಬಾವುಟ ಎರಡೂ ಕಡೆಯಿಂದ ಒಂದೇ ಥರ ಕಾಣಬೇಕಲ್ಲ? ಚರಕದಲ್ಲಿ ಒಂದು ಬದಿಗೆ ಗಾಲಿ, ಇನ್ನೊಂದು ಬದಿಗೆ ಕದಿರು. ಹಿಂದಿನಿಂದ ನೋಡಿದರೆ ಉಲ್ಟಾ. ಬರೀ ಗಾಲಿ ಇಟ್ಟರೆ ಆ ತಾಪತ್ರಯವೇ ಇಲ್ಲ. ಆ ಗಾಲಿಗೆ ಸಾರನಾಥದ ಅಶೋಕ ಸ್ತಂಭದ ಚಕ್ರದ ರೂಪ ಕೊಟ್ಟರು. ಗಾಂಧೀಜಿಗೆ ಮೊದಮೊದಲು ಇದು ಹಿಡಿಸಲಿಲ್ಲ. ಅಷ್ಟು ವರ್ಷ ನೂಲು ತೆಗೆದವರಿಗೆ ಕದಿರಿಲ್ಲದ ಗಾಲಿ ಹೇಗೆ ಹಿಡಿಸೀತು!

ಚಿತ್ರದಿಂದ ಹೋದ ಚರಕ ಬಟ್ಟೆಯಲ್ಲಿ ಉಳಿದುಕೊಂಡಿತು ಅನ್ನಿ. ಬಾವುಟ ಕೈಯಲ್ಲಿ ನೂತು ಕೈಯಲ್ಲೇ ನೇಯ್ದ ಖಾದಿಯದೇ ಆಗಬೇಕಿತ್ತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಅದನ್ನು ಹೊಲಿಯುವ ಖಾದಿ ಸಂಘ ದೇಶಕ್ಕೇ ಗೊತ್ತು. ಪಾಪ, ದಾವಣಗೆರೆಯ ಹತ್ತಿ ಗಿರಣಿಗಳು ಎಷ್ಟು ಬಟ್ಟೆ ತೆಗೆದರೂ ನಿಯಮದ ಪ್ರಕಾರ ಅದರ ಒಂದು ಗಜವೂ ಬಾವುಟ ಆಗುವಂತಿರಲಿಲ್ಲ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಯಂತ್ರದ ಬಟ್ಟೆ, ಪಾಲಿಯೆಸ್ಟರ್ ಎಲ್ಲಾ ಆಗಬಹುದು ಎಂದರು. ಅಷ್ಟರಲ್ಲಿ ದಾವಣಗೆರೆಯ ಹೆಚ್ಚಿನ ಗಿರಣಿಗಳು ಬಾಗಿಲು ಹಾಕಿಯಾಗಿತ್ತು. ಪಾಲಿಯೆಸ್ಟರ್ ಬಾವುಟ ಮಳೆಯಲ್ಲಿ ಬೇಗ ಒಣಗುತ್ತದೆ, ನಿಜ. ಆದರೂ ಖಾದಿ ಗಾಳಿಗೆ ನಿಧಾನವಾಗಿ ಬಿಚ್ಚಿಕೊಳ್ಳುವ ಗತ್ತೇ ಬೇರೆ.

ಬಿಚ್ಚಿಕೊಂಡರೆ, ಎನ್ನಿ. ಶಾಲೆಗಳಲ್ಲಿ ಎಲ್ಲಾ ಪೀಟಿ ಮೇಷ್ಟ್ರ ಜೀರುಗಂಟಿನ ಮೇಲೆ ನಿಂತಿರುತ್ತದೆ. ಅತಿಥಿಗಳು ಹಗ್ಗ ಎಳೆದಾಗ ಗಂಟು ಜಾರಿ ಚೆಂಡುಹೂವಿನ ಎಸಳು ಉದುರಿತೋ, ಮೇಷ್ಟ್ರಿಗೆ ಉಸಿರು ಬಂತು. ಆಮೇಲೆ ಭಾಷಣ. "ಚಕ್ರದಲ್ಲಿ ಎಷ್ಟು ಗೆರೆ?" "ಇಪ್ಪತ್ನಾಲ್ಕು!" "ಅಶೋಕ ಏನು ಮಾಡಿದ?" "ರಸ್ತೆಯ ಇಕ್ಕೆಲಗಳಲ್ಲಿ ಸಾಲುಮರಗಳನ್ನು ನೆಡಿಸಿದನು!" ಹೆದ್ದಾರಿ ಅಗಲವಾದ ಮೇಲೆ ನಮ್ಮ ಕಡೆ ಆ ಉತ್ತರವನ್ನು ಮಕ್ಕಳು ನಂಬುವುದೂ ಕಷ್ಟ.

ಅದೇ ಅಶೋಕ ನಮ್ಮ ಜಿಲ್ಲೆಗೇ ಒಂದು ಓಲೆ ಕಳಿಸಿದ್ದ ಎಂದು ಯಾವ ಅತಿಥಿಯೂ ಹೇಳಿದ್ದನ್ನು ನಾನು ಕೇಳಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಕಡೆ ಅವನ ಶಾಸನಗಳಿವೆ. 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಅವುಗಳನ್ನು ಪತ್ತೆ ಮಾಡುವ ಮುಂಚೆಯೇ ಊರವರು ಬ್ರಹ್ಮಗಿರಿಯ ಬಂಡೆಯನ್ನು ಅಕ್ಷರಗುಂಡು ಅನ್ನುತ್ತಿದ್ದರು. ಜಟಿಂಗ ರಾಮೇಶ್ವರದ್ದು ಬಳೆಗಾರ ಗುಂಡು. ಜಾತ್ರೆಗೆ ಬಂದ ಬಳೆಗಾರರು ಅಲ್ಲೇ ಅಂಗಡಿ ಹೂಡುತ್ತಿದ್ದರಂತೆ, ಚಕ್ರವರ್ತಿಯ ಆಜ್ಞೆಯ ಮೇಲೆ! ದೆಹಲಿಯಲ್ಲಿ ಚಕ್ರದ ಚರ್ಚೆ ನಡೆದ 1947ರಲ್ಲೇ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ಬುಡದಲ್ಲಿ ಉತ್ಖನನ ಮಾಡಿಸಿದರು.

ಆ ಓಲೆ ಅಶೋಕನ ದಕ್ಷಿಣದ ಆಡಳಿತ ಕೇಂದ್ರವಾದ ಸುವರ್ಣಗಿರಿಯ ಅಧಿಕಾರಿಗಳಿಂದ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬಂದದ್ದು. ಮೊದಲು ಆರೋಗ್ಯ ವಿಚಾರಣೆ, ಆಮೇಲೆ ವಿಷಯ. ವಿಷಯವೂ ಭಾರೀ ಏನಲ್ಲ. ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆಯಿರಲಿ, ನಿಜ ಹೇಳಿ, ಶಿಷ್ಯರು ಗುರುವನ್ನು ಗೌರವಿಸಲಿ, ಇಷ್ಟೇ. ಅಶೋಕ ಎಂಬ ಹೆಸರು ಕೂಡ ಇಲ್ಲಿಲ್ಲ, ದೇವಾನಾಂಪಿಯ, ಅಂದರೆ ದೇವರಿಗೆ ಪ್ರಿಯನಾದವನು, ಎಂದಿದೆ.

ಹೆಸರು ಹಾಕಿಕೊಂಡವನು ಬರೆದವನು. ಚಪಡ ಅಂತ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಬರೆದು, ಕೊನೆಗೆ ತನ್ನ ಕಸುಬನ್ನು ಹೇಳುವ ಒಂದೇ ಪದವನ್ನು ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಇಸಿಲದಲ್ಲಿ ಅದನ್ನು ಓದಬಲ್ಲವರು ಯಾರಿದ್ದರೋ! ಕನ್ನಡದ ಬೋರ್ಡು ಬರೆದು ಮೂಲೆಯಲ್ಲಿ ತನ್ನ ಹೆಸರನ್ನು ಮಾತ್ರ ಇಂಗ್ಲಿಷಿನಲ್ಲಿ ಎಳೆಯುವ ನಮ್ಮ ಪೇಂಟರ್‌ನ ಹಾಗೆ, ಸುಮ್ನೆ, ನನಗೆ ಇದೂ ಬರುತ್ತದೆ ಅಂತ ತೋರಿಸಿಕೊಂಡಿರಬೇಕು.